ಪಕ್ಕದ ತೋಟದ ತುಕ್ಕು ಗಾಳಿಯಲ್ಲಿ ಬರುತ್ತಾ?

ಪ್ರಶ್ನೆ: ಸಾರ್, ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಎಂಟು ಎಕರೆ ಅರೇಬಿಕಾ ಕಾಫಿ. ಐದು ಎಕರೆ ಹಳೆಯ ಎಸ್.795 ತಳಿ, ಉಳಿದದ್ದು ಚಂದ್ರಗಿರಿ ತಳಿ. ಪಶ್ಚಿಮದ ಬೇಲಿಯಾಚೆ ಇರುವ ತೋಟ ನಾಲ್ಕು ವರ್ಷದಿಂದ ಪಾಳು ಬಿದ್ದಿದೆ. ಅಲ್ಲಿನ ಗಿಡಗಳ ಎಲೆ ಮಗುಚಿದರೆ ಬರೀ ತುಕ್ಕು ರೋಗದ ಕಿತ್ತಳೆ ಪುಡಿ. ಮಳೆಗಾಲದ ಗಾಳಿಯೆಲ್ಲ ಆ ಕಡೆಯಿಂದಲೇ ಬೀಸುತ್ತದೆ. ಮೇ ಕೊನೆಯಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಿದ್ದೆ. ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮಳೆ ಬಿಡಲೇ ಇಲ್ಲ, ಎರಡನೇ ಸಲ ಹೊಡೆಸಲು ಆಗಲಿಲ್ಲ. ಈಗ ಒಂದು ಕಂಪನಿಯವರು ಬಂದು, ತೋಟದಲ್ಲಿ ಹವಾಮಾನ ಯಂತ್ರ ನಿಲ್ಲಿಸುತ್ತೇವೆ, ಗಾಳಿ ಯಾವಾಗ ರೋಗ ತರುತ್ತದೆ ಅಂತ ಐದು ದಿನ ಮುಂಚೆ ಮೊಬೈಲಿಗೆ ತಿಳಿಸುತ್ತೇವೆ ಅನ್ನುತ್ತಿದ್ದಾರೆ. ಕೇಳುತ್ತಿರುವ ದುಡ್ಡು ನನ್ನ ಒಂದು ವರ್ಷದ ಗೊಬ್ಬರದ ಖರ್ಚಿನಷ್ಟಿದೆ. ಹಾಕಿಸಲೇ? ಬೇಲಿಗೆ ಸಿಲ್ವರ್ ಓಕ್ ಮರ ಒತ್ತಾಗಿ ನೆಟ್ಟರೆ ಪುಡಿ ತಡೆಯಬಹುದಾ? ಮಳೆ ಬಿಟ್ಟ ಮೇಲೆ ಮೊದಲು ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದರೆ ಭಯವೆಲ್ಲ ಬೇಲಿಯ ಆಚೆಗೇ ಇದೆ. ಅದು ಸಹಜ. ನಾವು ಖರ್ಚು ಮಾಡಿ ಔಷಧಿ ಹೊಡೆಸುತ್ತಿರುವಾಗ ಪಕ್ಕದವರು ಸುಮ್ನೆ ಬಿಟ್ಟರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ನಿಮಗೆ ಈಗ ತೊಂದರೆ ಕೊಡುವ ಪುಡಿ ಬಹುಪಾಲು ನಿಮ್ಮ ಎಸ್.795 ಗಿಡಗಳ ಕೆಳಗಿನ ರೆಕ್ಕೆಗಳಲ್ಲೇ, ಅಂದರೆ ಅಡ್ಡ ಕೊಂಬೆಗಳಲ್ಲೇ, ಇರುವ ಸಂಭವ ಜಾಸ್ತಿ. ಹಾಗಂತ ಗಾಳಿಯ ಮಾತು ಸುಳ್ಳಲ್ಲ. ಎಲ್ಲಿ ನಿಜ, ಎಲ್ಲಿ ಅಲ್ಲ ಅಂತ ಬಿಡಿಸಿ ಹೇಳುತ್ತೇನೆ.

ಎಲೆ ತುಕ್ಕು ರೋಗ ಗಾಳಿಯಲ್ಲಿ ಹರಡುವ ರೋಗವೇ. ಎಲೆಯ ಅಡಿಯಲ್ಲಿ ಕಾಣುವ ಕಿತ್ತಳೆ ಪುಡಿಯ ಒಂದೊಂದು ಕಣವೂ ಒಂದು ಬೀಜಕ, ಅಂದರೆ ಶಿಲೀಂಧ್ರದ ಬೀಜದಂಥದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಿತ್ತಳೆ ಹಣ್ಣಿನ ತೊಳೆಯ ಹಾಗಿರುತ್ತದೆ. ಬೆನ್ನಿನ ಮೇಲೆ ಮುಳ್ಳು ಮುಳ್ಳು, ಹೊಟ್ಟೆಯ ಕಡೆ ನುಣುಪು. ಅದಕ್ಕೇ ಈ ಶಿಲೀಂಧ್ರಕ್ಕೆ 'ಹೆಮಿಲಿಯಾ' ಎಂಬ ಹೆಸರು, ಅರ್ಧ ನುಣುಪು ಅಂತ ಅರ್ಥ. 1869ರಲ್ಲಿ ಸಿಲೋನಿನ ಎಲೆಗಳನ್ನು ನೋಡಿ ಈ ಹೆಸರಿಟ್ಟರು. ಮುಂದಿನ ಇಪ್ಪತ್ತು ವರ್ಷ ದಾಟುವಷ್ಟರಲ್ಲಿ ಅಲ್ಲಿನ ಕಾಫಿ ಮುಗಿದು ಟೀ ಬಂತು. 1970ರಲ್ಲಿ ಬ್ರೆಜಿಲ್‌ನಲ್ಲಿ ತುಕ್ಕು ಕಾಣಿಸಿಕೊಂಡಾಗ, ಆಫ್ರಿಕಾದಿಂದ ಸಮುದ್ರ ದಾಟಿ ಗಾಳಿಯಲ್ಲೇ ಬಂದಿರಬಹುದು ಅಂತ ಕೆಲವರು ವಾದಿಸಿದರು. ಅಂಥ ಪ್ರಯಾಣ ಆಗದ ಮಾತೇನಲ್ಲ.

ಸಮುದ್ರ ದಾಟುವ ಒಂದು ಬೀಜಕದ ಕಥೆ ಬೇರೆ, ನಿಮ್ಮ ತೋಟದ ಎಲೆ ಉದುರಿಸುವ ಲಕ್ಷಾಂತರ ಬೀಜಕಗಳ ಕಥೆ ಬೇರೆ. ಒಂದು ಸಣ್ಣ ಲೆಕ್ಕ ಹಾಕೋಣ. ಈ ಗಾತ್ರದ ಕಣ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಒಂದೆರಡು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಐದಡಿ ಎತ್ತರದ ರೆಕ್ಕೆಯಿಂದ ಹೊರಟರೆ ನೆಲ ಮುಟ್ಟಲು ಸುಮಾರು ನೂರು ಸೆಕೆಂಡು. ನೆರಳು ಮರದ ಕೆಳಗೆ, ಗಿಡಗಳ ನಡುವೆ ಗಾಳಿಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ಇದೆ ಅಂದುಕೊಳ್ಳಿ. ಅಲ್ಲಿಗೆ ಅದು ಹೋಗುವುದು ಐವತ್ತು ಮೀಟರ್. ದಾರಿಯಲ್ಲಿ ಎಲೆ, ಕಾಂಡ, ಮೆಣಸಿನ ಬಳ್ಳಿ ಏನೂ ಅಡ್ಡ ಬರದಿದ್ದರೆ ಮಾತ್ರ. ನಮ್ಮ ತೋಟಗಳಲ್ಲಿ ಅಡ್ಡ ಬರದೇ ಇರುವುದುಂಟಾ? ಮರದ ತುದಿ ದಾಟಿ ಮೇಲೇರಿದ ಕಣಗಳಷ್ಟೇ ದೂರ ಹೋಗುತ್ತವೆ.

ಹಿಂದೆ ನಾನೇ ಒಂದು ತೋಟದಲ್ಲಿ ಗಾಜಿನ ಚೂರುಗಳಿಗೆ ವ್ಯಾಸಲೀನ್ ಸವರಿ ಬಿದಿರಿನ ಗಳಕ್ಕೆ ಕಟ್ಟಿಟ್ಟು ನೋಡಿದ್ದೆ. ಗಿಡದ ಒಳಗೆ ಒಂದು, ಬೇಲಿಯ ಹತ್ತಿರ ಒಂದು, ಮರದ ಕೊಂಬೆಯ ಎತ್ತರಕ್ಕೆ ಒಂದು. ಬೇಲಿಯ ಗಾಜಿನಲ್ಲಿ ಬೀಜಕ ಇರಲಿಲ್ಲ ಅಂತಲ್ಲ, ಇತ್ತು. ಆದರೆ ರೋಗ ಬಂದ ಗಿಡದ ಬುಡದಲ್ಲಿ ಕಟ್ಟಿದ್ದ ಗಾಜು ಬರಿಗಣ್ಣಿಗೇ ಅರಿಶಿನ ಉಜ್ಜಿದ ಹಾಗೆ ಕಾಣುತ್ತಿತ್ತು. ಕಂಪನಿಯವರ ಯಂತ್ರದ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಅರ್ಧ ಉತ್ತರ ಆ ಗಾಜಿನಲ್ಲೇ ಇದೆ.

ಗಾಳಿಯ ದಿಕ್ಕಿನ ವಿಷಯಕ್ಕೆ ಬರೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದಲೇ. ಸರಿ. ಆದರೆ ಜಡಿಮಳೆ ಹೊಡೆಯುವಾಗ ಪುಡಿ ಗಾಳಿಯಲ್ಲಿ ಹಾರಾಡುತ್ತಾ ಇರುವುದಿಲ್ಲ, ತೊಳೆದು ನೆಲಕ್ಕೆ ಹೋಗುತ್ತದೆ. ಆಗಿನ ಹರಡುವಿಕೆ ಬಹುಮಟ್ಟಿಗೆ ಮಳೆಹನಿ ಸಿಡಿದು ಎಲೆಯಿಂದ ಎಲೆಗೆ. ಪುಡಿ ಒಣಗಿ ಹಾರುವುದು ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಿಂದ ಆಚೆಗೆ, ಬಿಸಿಲೇರಿದ ಹೊತ್ತಿನಲ್ಲಿ. ಅಷ್ಟರಲ್ಲಿ ಗಾಳಿ ಪೂರ್ವ, ಈಶಾನ್ಯಕ್ಕೆ ತಿರುಗಿರುತ್ತದೆ. ಬೆಟ್ಟ ಕಣಿವೆಗಳ ಗಾಳಿ ಅಲ್ಲಲ್ಲಿ ಬೇರೆ ಆಟ ಆಡುತ್ತದೆ, ಅದು ಬಿಡಿ. ಒಟ್ಟಿನಲ್ಲಿ ಪುಡಿ ಜಾಸ್ತಿ ಹಾರುವ ತಿಂಗಳುಗಳಲ್ಲಿ ನಿಮ್ಮ ತೋಟದ್ದೇ ಪಕ್ಕದವರ ಕಡೆ ಹೋಗುತ್ತದೆ. ಅವರದು ಪಾಳು ತೋಟ, ಅದಕ್ಕೇ ಅವರು ದೂರಿ ಪತ್ರ ಬರೆದಿಲ್ಲ ಅಷ್ಟೆ!

ಹಾಗಾದರೆ ಗಾಳಿ ನೋಡಿ ರೋಗ ಹೇಳುವುದೇ ಬೂಟಾಟಿಕೆಯಾ? ಅಲ್ಲ. ಗೋಧಿಯಲ್ಲಿ ಅದು ಕೆಲಸ ಮಾಡಿದೆ. ಗೋಧಿಯ ಕಾಂಡದ ತುಕ್ಕು ಉತ್ತರ, ಮಧ್ಯ ಭಾರತದ ಬಯಲಿನ ಬೇಸಿಗೆಯಲ್ಲಿ ಬದುಕುವುದಿಲ್ಲ. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ವರ್ಷವಿಡೀ ಉಳಿದುಕೊಂಡು, ನವೆಂಬರ್ ಸುಮಾರಿಗೆ ಚಂಡಮಾರುತದ ಗಾಳಿ ಹಿಡಿದು ಮಧ್ಯ ಭಾರತಕ್ಕೆ ಹೋಗುತ್ತದೆ. ಅಲ್ಲಿ ಮಳೆಯ ಜೊತೆ ಕೆಳಗಿಳಿಯುತ್ತದೆ. ಇದನ್ನು ಗಮನಿಸಿ ನಮ್ಮ ವಿಜ್ಞಾನಿ ನಾಗರಾಜನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಕೆಲವು ನಿಯಮ ಕಟ್ಟಿದರು. ಚಂಡಮಾರುತ ಎಲ್ಲಿ ಹುಟ್ಟಿ ಎಲ್ಲಿ ಕರಗಿತು ಅಂತ ನೋಡಿ, ಈ ವರ್ಷ ತುಕ್ಕು ಬರುತ್ತದೋ ಇಲ್ಲವೋ ಅಂತ ಹೇಳಬಹುದಿತ್ತು. ಇಥಿಯೋಪಿಯಾದಲ್ಲೂ ಈಗ ಗೋಧಿ ತುಕ್ಕಿಗೆ ಗಾಳಿಯ ಲೆಕ್ಕ ಹಾಕಿ ರೈತರನ್ನು ಎಚ್ಚರಿಸುತ್ತಾರೆ.

ಗೋಧಿಗೆ ಒಗ್ಗಿದ್ದು ಕಾಫಿಗೆ ಯಾಕೆ ಒಗ್ಗಲ್ಲ? ಗೋಧಿಯ ಹೊಲದಲ್ಲಿ ಪ್ರತಿ ವರ್ಷ ರೋಗ ಹೊರಗಿನಿಂದ ಬರಬೇಕು, ಹಾಗಾಗಿ ಬಾಗಿಲು ಕಾಯುವುದರಲ್ಲಿ ಅರ್ಥವಿದೆ. ಕಾಫಿ ವರ್ಷವಿಡೀ ಹಸಿರು. ಜನವರಿಯಲ್ಲೂ ನಿಮ್ಮ ಗಿಡದಲ್ಲಿ ಒಂದಷ್ಟು ತುಕ್ಕಿನ ಎಲೆ ನೇತಾಡುತ್ತಲೇ ಇರುತ್ತವೆ. ಕಳ್ಳ ಮನೆಯೊಳಗೇ ಸಂಸಾರ ಹೂಡಿರುವಾಗ ಬಾಗಿಲು ಕಾದು ಏನು ಮಾಡುವುದು?

ಕಾಫಿಗೆ ಬೇಕಾದ ಮುನ್ಸೂಚನೆ ಬೇರೆ ಥರದ್ದು. ಪುಡಿ ಇದ್ದೇ ಇದೆ ಅಂತ ಒಪ್ಪಿಕೊಂಡು, ಅದು ಎಲೆಯೊಳಗೆ ಹೊಗುವಷ್ಟು ಹೊತ್ತು ಎಲೆ ಒದ್ದೆ ಇತ್ತೇ ಅಂತ ಕೇಳಬೇಕು. ಆಲೂಗಡ್ಡೆಯ ಅಂಗಮಾರಿಗೆ ಇಂಗ್ಲೆಂಡಿನಲ್ಲಿ 1950ರ ದಶಕದಿಂದಲೇ ಇಂಥ ಲೆಕ್ಕ ಇದೆ. ಎರಡು ದಿನ ಒಂದರ ಹಿಂದೆ ಒಂದು 10 ಡಿಗ್ರಿಗಿಂತ ಕೆಳಗಿಳಿಯದೆ, ದಿನಕ್ಕೆ ಕನಿಷ್ಠ 11 ಗಂಟೆ ಗಾಳಿಯ ತೇವ ನೂರಕ್ಕೆ 90ರಷ್ಟು ಇದ್ದರೆ ಎಚ್ಚರಿಕೆ ಕೊಡುತ್ತಿದ್ದರು. ಗಾಳಿಯ ದಿಕ್ಕಿನ ಸುದ್ದಿಯೇ ಇಲ್ಲ ನೋಡಿ. ಕಾಫಿ ತುಕ್ಕಿಗೆ ಬ್ರೆಜಿಲ್‌ನಲ್ಲಿ 1980ರ ದಶಕದಲ್ಲಿ ಇದೇ ಬಗೆಯ ಮುನ್ಸೂಚನೆಯ ಲೆಕ್ಕ ಕಟ್ಟಿದವರಲ್ಲಿ ಕುಶಾಲಪ್ಪ ಎಂಬ ವಿಜ್ಞಾನಿ ಮುಖ್ಯರು. ಹೆಸರು ಕೇಳಿದರೆ ನಮ್ಮ ಪಕ್ಕದ ಮನೆಯವರ ಹಾಗಿದೆ, ಅಲ್ವಾ?

ತುಕ್ಕಿನ ಬೀಜಕ ಮೊಳೆಯಲು ನೀರಿನ ಹನಿ ಬೇಕೇ ಬೇಕು, ಬರೀ ತೇವದ ಗಾಳಿ ಸಾಲದು. ಬೆಳಕು ಅದಕ್ಕೆ ಆಗುವುದಿಲ್ಲ, ರಾತ್ರಿಯೇ ಅದರ ಹೊತ್ತು. ಉಷ್ಣಾಂಶ 22ರಿಂದ 24 ಡಿಗ್ರಿ ಸುತ್ತ ಇದ್ದರೆ ಚೆನ್ನಾಗಿ ಮೊಳೆಯುತ್ತದೆ. ಎಲೆಯ ಅಡಿಯಲ್ಲಿರುವ ಸಣ್ಣ ರಂಧ್ರಗಳ ಮೂಲಕವೇ ಒಳಗೆ ಹೋಗಬೇಕು. ಅಷ್ಟರೊಳಗೆ ಎಲೆ ಒಣಗಿದರೆ ಮೊಳಕೆ ಸತ್ತಿತು. ಆರು ಗಂಟೆ ಒದ್ದೆ ಇದ್ದರೆ ಕೆಲವು ಒಳಗೆ ಸೇರುತ್ತವೆ, ಒಂದು ಹಗಲು ಒಂದು ರಾತ್ರಿ ಪೂರ್ತಿ ಒದ್ದೆ ಇದ್ದರೆ ತುಕ್ಕಿಗೆ ಹಬ್ಬ.

ಒಳಗೆ ಹೋದ ಮೇಲೆ ಮೂರರಿಂದ ಆರು ವಾರ ಏನೂ ಕಾಣುವುದಿಲ್ಲ. ಚಳಿ ಇದ್ದರೆ ಇನ್ನೂ ತಡ. ಆಮೇಲೆ ಎಣ್ಣೆ ಬಿದ್ದ ಹಾಗೆ ತಿಳಿ ಹಳದಿ ಚುಕ್ಕೆ. ಅದರ ಹಿಂದೆಯೇ ಪುಡಿ. ನಿಮ್ಮ ಮುನ್ಸೂಚನೆ ಅಡಗಿರುವುದು ಈ ಮೂರರಿಂದ ಆರು ವಾರದಲ್ಲಿ. ಮೇ 20ರ ಸುಮಾರಿಗೆ ಮಳೆ ಬಿದ್ದು ಎರಡು ರಾತ್ರಿ ಎಲೆ ಒಣಗಲಿಲ್ಲ ಅಂದುಕೊಳ್ಳಿ. ಚುಕ್ಕೆ ಕಾಣುವುದು ಜೂನ್ ಮಧ್ಯ ದಾಟಿದ ಮೇಲೆ. ಆಗ ನೀವು ಕೊಡೆ ಹಿಡಿದು ನಿಂತಿರುತ್ತೀರಿ, ಔಷಧಿ ಹೊಡೆಯುವ ಮಾತೇ ಇಲ್ಲ. ಅದಕ್ಕೇ ಮಳೆಗಾಲಕ್ಕೆ ಮುಂಚಿನ ಬೋರ್ಡೋವನ್ನು ಯಾರೂ ಬಿಡಬಾರದು ಎನ್ನುವುದು. ನೀವು ಬಿಟ್ಟಿಲ್ಲ, ಒಳ್ಳೆಯದಾಯಿತು.

ಹಾಗಾಗಿ ಮುಂದಿನ ಐದು ದಿನದ ಗಾಳಿಗಿಂತ ಹಿಂದಿನ ಐದು ವಾರದ ಮಳೆ ನಿಮಗೆ ಜಾಸ್ತಿ ಹೇಳುತ್ತದೆ. ಕೊಡಗಿನ ಮನೆಗಳಲ್ಲಿ ಮಳೆ ಪುಸ್ತಕ ಇಲ್ಲದಿರುವುದು ಅಪರೂಪ, ಅಜ್ಜಂದಿರ ಕಾಲದಿಂದ ಇಂಚು, ಸೆಂಟ್ಸ್ ಲೆಕ್ಕ ಬರೆದಿಟ್ಟಿರುತ್ತಾರೆ. ಆ ಪುಸ್ತಕದಲ್ಲೇ ಇನ್ನೊಂದು ಗೆರೆ ಎಳೆಯಿರಿ: 'ಎಲೆ ಒಣಗಿದ ಹೊತ್ತು'. ಇದರ ಹಿಂದೆ ನನ್ನದೇ ಒಂದು ತಪ್ಪಿನ ಕಥೆಯಿದೆ.

ಶನಿವಾರಸಂತೆ ಕಡೆಯ ಒಂದು ತೋಟ. ಅಕ್ಟೋಬರ್ ಮೊದಲಲ್ಲೇ ಮಳೆ ನಿಂತಿತ್ತು. ಮಳೆ ಪುಸ್ತಕ ನೋಡಿ, ಎರಡು ವಾರದಿಂದ ಸೊನ್ನೆ ಇದೆ, ಇನ್ನು ಔಷಧಿ ಬೇಡ ಎಂದು ನಾನೇ ಹೇಳಿ ಬಂದೆ. ಡಿಸೆಂಬರ್‌ನಲ್ಲಿ ಹೋದಾಗ ತಗ್ಗಿನ ಗಿಡಗಳಲ್ಲಿ ಹಣ್ಣು ಮಾತ್ರ ಇತ್ತು, ಎಲೆ ಇರಲಿಲ್ಲ. ರೆಕ್ಕೆ ಬರೀ ಕಡ್ಡಿ. ತೋಟದವರು ಒಂದು ಮಾತೂ ಬೈಯಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಅದು ಬೈದದ್ದಕ್ಕಿಂತ ಜಾಸ್ತಿ ಚುಚ್ಚಿತು. ಆಗಿದ್ದೇನೆಂದರೆ, ಆ ತಗ್ಗಿನಲ್ಲಿ ಸಂಜೆ ಇಳಿದ ಮಂಜು ಬೆಳಿಗ್ಗೆ ಒಂಬತ್ತೂವರೆ ಹತ್ತರವರೆಗೆ ಏಳುತ್ತಿರಲಿಲ್ಲ. ಮಳೆಯ ಮಾಪಕಕ್ಕೆ ಮಂಜು ಕಾಣುವುದಿಲ್ಲ. ತುಕ್ಕಿಗೆ ಕಾಣುತ್ತದೆ.

ಅಂದಿನಿಂದ ಜೇಬಿನಲ್ಲಿ ಟಿಶ್ಯೂ ಕಾಗದ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಏಳಕ್ಕೆ, ಒಂಬತ್ತಕ್ಕೆ, ಹತ್ತಕ್ಕೆ ಎಲೆಯ ಅಡಿಗೆ ಒತ್ತಿ ನೋಡಿ. ಗಿಡದ ಹೊರಗಿನ ಎಲೆ ಅಲ್ಲ, ಒಳಗಿನದು, ಸೊಂಟದ ಎತ್ತರದ್ದು. ದಿಬ್ಬದ ಮೇಲೊಂದು ಗಿಡ, ತಗ್ಗಿನಲ್ಲೊಂದು. ಒಂದೇ ತೋಟದಲ್ಲಿ ಎರಡು ಗಂಟೆ ವ್ಯತ್ಯಾಸ ಸಿಗುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆಯ ಒಂದೊಂದು ಚೌಕ ಆರರಿಂದ ಹನ್ನೆರಡು ಕಿಲೋಮೀಟರ್ ಅಗಲ. ನಮ್ಮಲ್ಲಿ ಅಷ್ಟರೊಳಗೆ ಒಂದು ಬೆಟ್ಟ, ಒಂದು ಹೊಳೆ, ಎರಡು ಊರು ಬಂದು ಹೋಗುತ್ತವೆ.

ಇನ್ನು ಯಂತ್ರದ ಮಾತು. ಎಲೆಯ ಒದ್ದೆ ಅಳೆಯುವ ಸಾಧನ ಅದರಲ್ಲಿದ್ದು, ಅದನ್ನು ಗಿಡದೊಳಗೆ ಇಡುತ್ತಾರಾದರೆ ಯಂತ್ರ ದಂಡವಲ್ಲ. ಆದರೆ ಎಂಟು ಎಕರೆಗೆ ಒಂದು ವರ್ಷದ ಗೊಬ್ಬರದ ದುಡ್ಡು ಕೊಡುವಷ್ಟು ಲಾಭ ನನಗಂತೂ ಕಾಣುವುದಿಲ್ಲ. ಹತ್ತು ಹದಿನೈದು ತೋಟದವರು ಸೇರಿ ಒಂದು ಹಾಕಿಸುವುದಾದರೆ ಯೋಚಿಸಿ. ಕೊಳ್ಳುವ ಮುಂಚೆ ಅವರಿಗೆ ಒಂದೇ ಪ್ರಶ್ನೆ ಕೇಳಿ: ಹಿಂದಿನ ವರ್ಷ ಕೊಡಗಿನ ಯಾವ ತೋಟದಲ್ಲಿ ನಿಮ್ಮ ಎಚ್ಚರಿಕೆ ಬಂತು, ಎಲೆ ಎಣಿಸಿ ತಾಳೆ ನೋಡಿದ್ದೀರಾ? ಬಣ್ಣ ಬಣ್ಣದ ಗಾಳಿಯ ನಕ್ಷೆ ತೋರಿಸಿದರೆ ಅದು ಉತ್ತರವಲ್ಲ.

ಮಳೆಯ ಮುನ್ಸೂಚನೆಯನ್ನು ಬೇರೆ ಕೆಲಸಕ್ಕೆ ಬಳಸಿ. ಔಷಧಿ ಹೊಡೆಯಲು ಬಿಡುವು ಹುಡುಕಲು. ಗ್ರಾಮ ಪಂಚಾಯಿತಿ ಮಟ್ಟದ ಮಳೆಯ ವಿವರ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರಕ್ಕೆ ಫೋನ್ ಮಾಡಿದರೆ ಸಿಗುತ್ತದೆ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಇದೆ. ಎರಡಕ್ಕೂ ದುಡ್ಡಿಲ್ಲ. ಎರಡು ಮೂರು ದಿನದ ಆಚೆಗೆ ನಮ್ಮ ಬೆಟ್ಟಗಳಲ್ಲಿ ಯಾರ ಮಾತನ್ನೂ ಪೂರ್ತಿ ನಂಬಬೇಡಿ.

ಈಗ ಮಾಡಬೇಕಾದ್ದು. ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ ಹಬ್ಬದ ಆಸುಪಾಸಿನಲ್ಲಿ ಮಳೆ ಸಡಿಲವಾಗುತ್ತದೆ. ಮೊದಲು ಎಲೆ ಎಣಿಸಿ. ಎಸ್.795 ಭಾಗದಲ್ಲಿ ದಿಬ್ಬ, ತಗ್ಗು, ಬೇಲಿ ಪಕ್ಕ ಅಂತ ಓಡಾಡಿ ಇಪ್ಪತ್ತೈದು ಗಿಡದಿಂದ ನಾಲ್ಕು ನಾಲ್ಕು ಎಲೆ ನೋಡಿ, ಒಟ್ಟು ನೂರು. ಬೆಳಕಿಗೆ ಹಿಡಿದು ಎಣ್ಣೆ ಚುಕ್ಕೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಎಲೆ ಕಪ್ಪಾಗಿ ಕೊಳೆತು, ಬೂಸ್ಟಿನ ದಾರದಲ್ಲಿ ನೇತಾಡುತ್ತಿದ್ದರೆ ಅದು ಕೊಳೆ ರೋಗ, ಅದರ ದಾರಿ ಬೇರೆ, ಇದರಲ್ಲಿ ಸೇರಿಸಬೇಡಿ. ಕಿತ್ತಳೆ ಪುಡಿಯ ಮೇಲೆ ಬಿಳಿ ಬೂಸ್ಟು ಕಂಡರೆ ಹೆದರಬೇಡಿ, ಅದು ತುಕ್ಕನ್ನೇ ತಿನ್ನುವ ಇನ್ನೊಂದು ಶಿಲೀಂಧ್ರ. ಅದನ್ನೇ ನಂಬಿಕೊಂಡು ಕೂರಲಿಕ್ಕೂ ಆಗದು.

ನೂರಕ್ಕೆ ಐದರ ಒಳಗಿದ್ದರೆ ಬೋರ್ಡೋ ಸಾಕು. ಈ ಐದರ ಲೆಕ್ಕ ಬ್ರೆಜಿಲ್‌ನಲ್ಲಿ ಬಳಕೆಯಲ್ಲಿದೆ, ನನ್ನ ಅನುಭವದಲ್ಲಿ ನಮ್ಮಲ್ಲೂ ಕೆಟ್ಟದ್ದಲ್ಲ. ಬ್ಯಾರೆಲ್‌ಗೆ, ಅಂದರೆ 200 ಲೀಟರ್ ನೀರಿಗೆ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡಿ, ಕೆಂಪು ಹತ್ತಿದರೆ ಸುಣ್ಣ ಸಾಲದು. ಬೋರ್ಡೋ ಕಾವಲು ಕಾಯುತ್ತದೆ ಅಷ್ಟೆ, ಎಲೆಯ ಒಳಗೆ ಹೋದ ತುಕ್ಕನ್ನು ಮುಟ್ಟುವುದಿಲ್ಲ. ರಂಧ್ರಗಳಿರುವುದು ಎಲೆಯ ಅಡಿಯಲ್ಲಿ, ಆದ್ದರಿಂದ ಸ್ಪ್ರೇ ಗನ್ ಕೆಳಗಿನಿಂದ ಮೇಲಕ್ಕೆ ಹಿಡಿಯಬೇಕು. ಗಿಡದ ನೆತ್ತಿಗೆ ನೀಲಿ ಬಳಿದು ಹೋದರೆ ದೂರದಿಂದ ಚಂದ ಕಾಣುತ್ತದೆ, ಅಡಿಯ ಎಲೆಗೆ ಏನೂ ಸಿಕ್ಕಿರುವುದಿಲ್ಲ. ಹೊಡೆಸುವ ದಿನ ನೀವೇ ಒಂದು ಗಂಟೆ ಹಿಂದೆ ನಿಂತು ಎಲೆ ಮಗುಚಿ ನೋಡಿ. ಕೆರೆಯಲ್ಲಿ ಮೀನು ಬಿಟ್ಟಿದ್ದರೆ ಬ್ಯಾರೆಲ್ ತೊಳೆದ ನೀರು ಅಲ್ಲಿಗೆ ಹೋಗದಿರಲಿ, ತಾಮ್ರ ಮೀನಿಗೆ ವಿಷ.

ಐದು ದಾಟಿದ್ದರೆ ಎಲೆಯೊಳಗೆ ಇಳಿಯುವ ಹೆಕ್ಸಾಕೊನಜೋಲ್‌ನಂಥ ಔಷಧಿ ಬೇಕಾಗುತ್ತದೆ. ಪ್ರಮಾಣ ಮತ್ತು ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿಕೊಳ್ಳಿ. ಬೋರ್ಡೋ ಜೊತೆ ಕಲಸಬೇಡಿ. ಮತ್ತೆ ಮತ್ತೆ ಅದನ್ನೇ ಹೊಡೆದರೆ ತುಕ್ಕು ಅದಕ್ಕೆ ಒಗ್ಗಿಕೊಳ್ಳುವ ಅಪಾಯವಿದೆ, ವರ್ಷಕ್ಕೆ ಒಂದು ಸಲಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ. ಎಣಿಕೆ ಮೂವತ್ತು ನಲವತ್ತಕ್ಕೆ ಹೋಗಿದ್ದರೆ ಔಷಧಿಯಿಂದ ಉದುರುವ ಎಲೆ ನಿಲ್ಲುವುದಿಲ್ಲ, ಉಳಿದ ಎಲೆ ಉಳಿಸಿಕೊಳ್ಳಬಹುದು ಅಷ್ಟೆ. ಈ ವರ್ಷ ಎಲೆ ಹೋದರೆ ಮುಂದಿನ ವರ್ಷದ ಫಸಲು ಕೂರುವ ಹೊಸ ರೆಕ್ಕೆಯೇ ಬೆಳೆಯುವುದಿಲ್ಲ. ತುಕ್ಕಿನ ನಷ್ಟ ಒಂದು ವರ್ಷ ತಡವಾಗಿ ಜೇಬಿಗೆ ತಟ್ಟುತ್ತದೆ. ಹಣ್ಣು ಜಾಸ್ತಿ ಹಿಡಿದ ಗಿಡಕ್ಕೇ ತುಕ್ಕು ಜೋರು, ಅಂಥವನ್ನು ಮೊದಲು ನೋಡಿಕೊಳ್ಳಿ.

ಎಣಿಸದೆ, ತಾರೀಖು ನೋಡಿ ಹೊಡೆಸುವುದು ತಪ್ಪಾ? ಅಲ್ಲ. ಮಳೆಗಾಲದ ಮುಂಚೆ ಒಂದು, ಬಿಟ್ಟ ಮೇಲೆ ಒಂದು ಅಂತ ಹೊಡೆಸುವವರು ಮೋಸ ಹೋಗಿದ್ದು ಕಡಿಮೆ. ಒಣ ವರ್ಷದಲ್ಲಿ ಒಂದು ಸಲದ ಕೂಲಿ ದಂಡ ಆಗಬಹುದು. ಎಣಿಸಿ, ಒದ್ದೆ ನೋಡಿ ತೀರ್ಮಾನ ಮಾಡಿದರೆ ಆ ಕೂಲಿ ಉಳಿಯುತ್ತದೆ, ಆದರೆ ನಾನು ಮಾಡಿದಂಥ ತಪ್ಪಿಗೂ ಅವಕಾಶವಿದೆ. ಆಳು ಸಿಗದ ಊರಾದರೆ ತಾರೀಖೇ ವಾಸಿ, ಯಾಕಂದರೆ ಎಚ್ಚರಿಕೆ ಬಂದ ದಿನವೇ ಆಳು ಬರುವುದಿಲ್ಲ.

ಚಂದ್ರಗಿರಿ ತುಕ್ಕು ತಡೆದುಕೊಳ್ಳುವ ತಳಿ, ಅದನ್ನು ಈಗ ಮುಟ್ಟಬೇಕಿಲ್ಲ, ಆದರೆ ಎಣಿಸುವಾಗ ಮರೆಯಬೇಡಿ. ಒಂದು ಕಾಲಕ್ಕೆ ಕೆಂಟ್ಸ್ ತಳಿಗೆ ತುಕ್ಕು ಬರಲ್ಲ ಅಂದರು, ಆಮೇಲೆ ಎಸ್.795ಗೆ, ಆಮೇಲೆ ಕಾವೇರಿಗೆ. ಎಲ್ಲದಕ್ಕೂ ಬಂತು.

ಸಿಲ್ವರ್ ಗೋಡೆ ಬೇಡ. ಪುಡಿ ಅಷ್ಟಿಷ್ಟು ತಡೆಯಬಹುದು, ಆದರೆ ಬೇಲಿ ಪಕ್ಕದ ಗಿಡಗಳಿಗೆ ಗಾಳಿಯಾಡದೆ ಬೆಳಿಗ್ಗೆ ಎಲೆ ಇನ್ನೂ ಒಂದು ಗಂಟೆ ತಡವಾಗಿ ಒಣಗುತ್ತದೆ. ತುಕ್ಕಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ಅದರ ಬದಲು ತಗ್ಗಿನಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಸರಿಯಾಗಿ ಮಾಡಿಸಿ, ಕಾಂಡದಿಂದ ನೇರ ಮೇಲೇಳುವ ಕಂಬ ಚಿಗುರು ತೆಗೆಸಿ, ಗಿಡದ ನಡು ಬಿಡಿಸಿ. ಆ ದುಡ್ಡು ವ್ಯರ್ಥವಾಗದು. ನೆರಳು ಪೂರ್ತಿ ಬೋಳಿಸಬೇಡಿ, ಬಿಸಿಲಿಗೆ ಬಿದ್ದ ಅರೇಬಿಕಾಕ್ಕೆ ಕಾಂಡಕೊರಕ ಕಾಯುತ್ತಿರುತ್ತದೆ.

ಪಾಳು ತೋಟದವರಿಗೆ ಒಮ್ಮೆ ಫೋನ್ ಮಾಡಿ. ಬೇಲಿಗೆ ತಾಗಿದ ಅವರ ಎರಡು ಸಾಲಿಗೆ ನೀವೇ ಔಷಧಿ ಹೊಡೆಸುತ್ತೇನೆ ಅನ್ನಿ, ಬೇಡ ಅನ್ನಲಾರರು. ಇನ್ನೂರು ಗಿಡ ಇರಬಹುದು, ಒಂದು ಬ್ಯಾರೆಲ್ ಜಾಸ್ತಿ ಕಲಸಿದರೆ ಆಯಿತು. ಅವರ ಗಿಡದಲ್ಲೂ ಅಡಿಯಿಂದಲೇ ಹೊಡೆಸಿ.